ಸಿಂಧನೂರಿನ ಭತ್ತ, ಜಿನೀವಾದ ಕಡತ: ಅಂತರರಾಷ್ಟ್ರೀಯ ಸಂಬಂಧಗಳ ಓದು ಕುರಿತು ನಿಮ್ಮ ಪ್ರಶ್ನೆಗಳು

ಅಂತರರಾಷ್ಟ್ರೀಯ ಸಂಬಂಧಗಳ ಓದು, ಸಂಶೋಧನೆ, ನೌಕರಿ ಕುರಿತು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದು ಮಾಡಿದ್ದೇವೆ. ಹೆಸರು ಹಾಕಿಲ್ಲ, ಊರು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ: ‘ಜಾಗತಿಕ ಆಡಳಿತ ಮತ್ತು ಪ್ರಾದೇಶಿಕ ರಾಜಕೀಯ’ ಎಂಬ ಪತ್ರಿಕೆ ಎಂ.ಎ.ಯಲ್ಲಿ ಇದೆಯಂತೆ. ಪ್ರಾದೇಶಿಕ ರಾಜಕೀಯ ಎಂದರೆ ರಾಜ್ಯಗಳ ಪಕ್ಷಗಳ ಬಗ್ಗೆ ಓದುವುದೇ? (ಬಿ.ಎ. ಅಂತಿಮ ವರ್ಷ, ಕುಷ್ಟಗಿ)

ಅಲ್ಲ. ಈ ಗೊಂದಲ ಹುಟ್ಟಿದ್ದೇ ಕನ್ನಡದ ಪದದಿಂದ. ‘ಪ್ರಾದೇಶಿಕ’ ಎಂದ ಕೂಡಲೇ ನಮಗೆ ಪ್ರಾದೇಶಿಕ ಪಕ್ಷ ನೆನಪಾಗುತ್ತದೆ. ಈ ಶಾಸ್ತ್ರದಲ್ಲಿ ಪ್ರದೇಶವೆಂದರೆ ನೆರೆಹೊರೆಯ ದೇಶಗಳ ಗುಂಪು: ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ಪಶ್ಚಿಮ ಏಷ್ಯಾ ಇತ್ಯಾದಿ. 1985ರಲ್ಲಿ ಢಾಕಾದಲ್ಲಿ ಹುಟ್ಟಿದ, ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್ 2014ರ ಕಠ್ಮಂಡು ಶೃಂಗಸಭೆಯ ನಂತರ ಮತ್ತೊಂದು ಶೃಂಗಸಭೆ ನಡೆಸಲಾಗದೆ ಏಕೆ ನಿಂತಿತು? 1997ರ ಬಿಮ್‌ಸ್ಟೆಕ್‌ಗೆ (ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟ) ಸ್ವಂತ ಸನ್ನದು ಜಾರಿಗೆ ಬರಲು 2024ರ ಮೇ ತಿಂಗಳವರೆಗೆ ಏಕೆ ಕಾಯಬೇಕಾಯಿತು? ಪ್ರಾದೇಶಿಕ ರಾಜಕೀಯದ ಪ್ರಶ್ನೆಗಳು ಈ ಜಾತಿಯವು. ಸಾರ್ಕ್‌ನ ಸನ್ನದನ್ನೇ ತೆಗೆದು ಹತ್ತನೇ ವಿಧಿ ಓದಿ. ತೀರ್ಮಾನಗಳೆಲ್ಲ ಸರ್ವಾನುಮತದಿಂದ ಆಗಬೇಕು, ಎರಡು ದೇಶಗಳ ನಡುವಿನ ತಂಟೆಗಳನ್ನು ಸಭೆಗೆ ತರುವಂತಿಲ್ಲ. ಅರ್ಧ ಉತ್ತರ ಅಲ್ಲೇ ಇದೆ.

ಜಾಗತಿಕ ಆಡಳಿತವೆಂದರೆ ಜಾಗತಿಕ ಸರ್ಕಾರವಲ್ಲ. ಮೇಲೊಬ್ಬ ಯಜಮಾನ ಇಲ್ಲದಿದ್ದರೂ ದೇಶಗಳು ತಮ್ಮ ನಡುವೆ ಹಾಕಿಕೊಂಡ ಕಟ್ಟುಪಾಡು. ನಿಮಗೆ ಹತ್ತಿರದ ಹೋಲಿಕೆ ತುಂಗಭದ್ರಾ ಮಂಡಳಿ. 1953ರಿಂದ ಇರುವ ಈ ಮಂಡಳಿಯಲ್ಲಿ ಈಗ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಪಾಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎದ್ದ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಗೇಟಿನ ನಿರ್ವಹಣೆ ಯಾರದು, ಖರ್ಚು ಯಾರ ತಲೆಗೆ, ಹರಿದುಹೋದ ನೀರು ಯಾರ ಪಾಲಿನಲ್ಲಿ ಕಡಿತ? ಇವೇ ಪ್ರಶ್ನೆಗಳನ್ನು ದೇಶಗಳ ಮಟ್ಟದಲ್ಲಿ ಕೇಳಿದರೆ ಜಾಗತಿಕ ಆಡಳಿತದ ಪಾಠ ಶುರುವಾದಂತೆ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಮಂಡಳಿಯ ಮೇಲೆ ದಿಲ್ಲಿ ಇದೆ, ಸುಪ್ರೀಂ ಕೋರ್ಟ್ ಇದೆ. ದೇಶಗಳಿಗೆ ಸಾಲ ಕೊಡುವ ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮೇಲೆ ಯಾರಿದ್ದಾರೆ? ಅಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕು. ಅಮೆರಿಕ ಒಂದರ ಬಳಿಯೇ ಶೇ 16ಕ್ಕಿಂತ ಹೆಚ್ಚು ಮತವಿದೆ. ಉಳಿದವರೆಲ್ಲ ಒಂದಾದರೂ ಅಮೆರಿಕ ಒಪ್ಪದೆ ಲೆಕ್ಕ ದಾಟುವುದಿಲ್ಲ.

ಪ್ರಶ್ನೆ: ಮಗಳು ಇದನ್ನ ಓದಾಕ ದಿಲ್ಲಿಗೆ ಹೋಗ್ತೀನಿ ಅಂತಾಳ. ಎಷ್ಟು ವರ್ಷ ಹಿಡೀತದ, ಮುಂದ ಏನು ನೌಕರಿ, ಪಗಾರ ಎಷ್ಟು ಅಂತ ಬಿಡಿಸಿ ಹೇಳ್ರಿ. (ತಂದೆ, ಲಿಂಗಸುಗೂರು)

ಬಿಡಿಸಿಯೇ ಹೇಳುತ್ತೇವೆ. ಎಂ.ಎ. ಎರಡು ವರ್ಷ. ಪಿಎಚ್‌.ಡಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಕಡಿಮೆ ಎಂದರೆ ಮೂರು, ಹೆಚ್ಚೆಂದರೆ ಆರು ವರ್ಷ. ಈ ಶಾಸ್ತ್ರದಲ್ಲಿ ಮೂರು ವರ್ಷಕ್ಕೆ ಮುಗಿಸುವವರು ಅಪರೂಪ, ಐದು ಎಂದೇ ಎಣಿಸಿಕೊಳ್ಳಿ. ಇಪ್ಪತ್ತೊಂದಕ್ಕೆ ಬಿ.ಎ. ಮುಗಿಸಿದ ಹುಡುಗಿಗೆ ಪಿಎಚ್‌.ಡಿ. ಕೈಗೆ ಬರುವಾಗ ಇಪ್ಪತ್ತೆಂಟು, ಇಪ್ಪತ್ತೊಂಬತ್ತು.

ನಡುವೆ ಮನೆಯಿಂದ ಹಣ ಕಳಿಸುವುದು ತಪ್ಪಬೇಕಾದರೆ ಸಂಶೋಧನಾ ಶಿಷ್ಯವೇತನವಾದ ಜೆಆರ್‌ಎಫ್ ಆಗಬೇಕು. ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000, ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ರಿಯಾಯಿತಿ. ಜೆಆರ್‌ಎಫ್ ಆಗದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದರೆ ಸಿಗುವುದು ತಿಂಗಳಿಗೆ ₹8,000. ದಿಲ್ಲಿಯಲ್ಲಿ ಹಾಸ್ಟೆಲ್ ಸಿಕ್ಕರೆ ಅದರಲ್ಲಿ ಹೇಗೋ ನಡೆಯುತ್ತದೆ, ಹೊರಗೆ ರೂಮು ಮಾಡಿದರೆ ನಡೆಯುವುದಿಲ್ಲ. ಹಾಗಾಗಿ ಸೀಟಿನ ಜೊತೆಗೇ ಹಾಸ್ಟೆಲ್ ಅರ್ಜಿಯ ಗಡುವನ್ನೂ ಬರೆದಿಟ್ಟುಕೊಳ್ಳಲಿ.

ನೌಕರಿಯ ಮಾತು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆರಂಭದ ಮೂಲವೇತನ ಯುಜಿಸಿ ಶ್ರೇಣಿಯಲ್ಲಿ ₹57,700. ಹುದ್ದೆ ಮಾತ್ರ ಕಡಿಮೆ, ಕಾಯುವವರು ಬಹಳ. ನೆಟ್ ಪಾಸಾದರೆ ಅರ್ಹತೆ ಸಿಕ್ಕಿತು ಅಷ್ಟೇ, ನೌಕರಿ ಅಲ್ಲ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಳೆಯುವವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ, ಅದನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಎರಡನೇ ದಾರಿ ಅಧ್ಯಯನ ಸಂಸ್ಥೆಗಳು. ದಿಲ್ಲಿಯಲ್ಲಿ ವಿದೇಶಾಂಗ ವಿಷಯಕ್ಕೆ ಸಪ್ರು ಹೌಸ್‌ನ ಐಸಿಡಬ್ಲ್ಯೂಎ, ರಕ್ಷಣಾ ವಿಷಯಕ್ಕೆ ಎಂಪಿ–ಐಡಿಎಸ್‌ಎ, ವ್ಯಾಪಾರ ಮತ್ತು ಅಭಿವೃದ್ಧಿಗೆ ಆರ್‌ಐಎಸ್. ಬೆಂಗಳೂರಿನಲ್ಲಿ ನಿಯಾಸ್, ತಕ್ಷಶಿಲಾ. ಇಲ್ಲಿಯ ಕೆಲಸ ಹೆಚ್ಚಾಗಿ ಕರಾರಿನದ್ದು. ಮುಂದೆ ಪತ್ರಿಕೆ, ಕಂಪನಿಗಳ ಅಪಾಯ ವಿಶ್ಲೇಷಣೆ, ಸರ್ಕಾರೇತರ ಸಂಸ್ಥೆಗಳ ದಾರಿಯೂ ತೆರೆಯುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಜನ ತಡವಾಗಿ ತಿಳಿಯುತ್ತಾರೆ. ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ ಹುದ್ದೆ ಕರೆಯುವುದು ‘ರಾಜ್ಯಶಾಸ್ತ್ರ’ ಎಂಬ ಹೆಸರಿನಲ್ಲಿ. ಎಂ.ಎ. ಪ್ರಮಾಣಪತ್ರದ ಮೇಲೆ ಬರೀ ‘ಅಂತರರಾಷ್ಟ್ರೀಯ ಸಂಬಂಧಗಳು’ ಎಂದಿದ್ದರೆ ದಾಖಲೆ ಪರಿಶೀಲನೆಯ ದಿನ ತಕರಾರು ಏಳಬಹುದು. ಊರ ಕಡೆಯೇ ಮೇಷ್ಟ್ರಾಗುವ ಆಸೆ ಇದ್ದರೆ ರಾಜ್ಯಶಾಸ್ತ್ರದ ಹೆಸರಿರುವ ಪದವಿ ಆರಿಸಿ ಅದರೊಳಗೆ ಈ ವಿಷಯದಲ್ಲಿ ವಿಶೇಷ ಅಧ್ಯಯನ ಮಾಡುವುದು ಕ್ಷೇಮ.

ಹೋಗಿಬರುವ ಚಿಂತೆ ಬೇಡ. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಜೆಎನ್‌ಯು ಸೇರಲು ಯಾವ ಪರೀಕ್ಷೆ? ನಮಗೆ 371(ಜೆ) ಮೀಸಲಾತಿ ಅಲ್ಲಿ ನಡೆಯುತ್ತದೆಯೇ? ಬೇರೆ ಎಲ್ಲಿ ಓದಬಹುದು? (ಬಿ.ಎ., ಬಳ್ಳಾರಿ)

ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ (ಜೆಎನ್‌ಯು) ಎಂ.ಎ.ಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಯುಇಟಿ–ಪಿಜಿ. 75 ಪ್ರಶ್ನೆ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಕನ್ನಡದಲ್ಲಿಲ್ಲ. ನಮ್ಮ ಕಡೆಯ ವಿದ್ಯಾರ್ಥಿಗಳು ಎಡವುವುದು ಎರಡು ಕಡೆ. ಒಂದು, ವಿಶ್ವವಿದ್ಯಾಲಯ ಕೇಳುವ ಪತ್ರಿಕೆಯ ಕೋಡ್ ನೋಡದೆ ‘ರಾಜ್ಯಶಾಸ್ತ್ರವೇ ಇರಬೇಕು’ ಎಂದು ಬೇರೆ ಪತ್ರಿಕೆ ತುಂಬುವುದು. ಎರಡು, ಪರೀಕ್ಷೆ ಬರೆದು ಅಂಕ ಬಂದ ಮೇಲೆ ಕೈಕಟ್ಟಿ ಕೂರುವುದು. ಅಂಕ ಬಂದ ನಂತರ ಆಯಾ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕು. ಅದು ತಪ್ಪಿದರೆ ಎಷ್ಟು ಅಂಕ ಬಂದರೂ ಸೀಟಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371(ಜೆ) ಮೀಸಲಾತಿ ರಾಜ್ಯದ ಶಿಕ್ಷಣ ಸಂಸ್ಥೆಗಳಿಗೆ, ರಾಜ್ಯದ ನೌಕರಿಗಳಿಗೆ. ಬಳ್ಳಾರಿಯ ವಿಎಸ್‌ಕೆ ವಿಶ್ವವಿದ್ಯಾಲಯಕ್ಕೆ ನಡೆಯುತ್ತದೆ, ಜೆಎನ್‌ಯುಗೆ, ನೆಟ್‌ಗೆ, ಯುಪಿಎಸ್‌ಸಿಗೆ ಇಲ್ಲ. ದಿಲ್ಲಿಯಲ್ಲಿ ನಿಮ್ಮ ಕೈಹಿಡಿಯುವುದು ಕೇಂದ್ರದ ಪಟ್ಟಿಯ ಮೀಸಲಾತಿ. ಇಲ್ಲೂ ಒಂದು ಗುಂಡಿ ಇದೆ. ನಮ್ಮ 2ಎ, 3ಎ, 3ಬಿ ಪಟ್ಟಿಗಳೂ ಕೇಂದ್ರದ ಒಬಿಸಿ ಪಟ್ಟಿಯೂ ಒಂದೇ ಅಲ್ಲ. ನಿಮ್ಮ ಜಾತಿ, ಉಪಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪಡೆಯಿರಿ. ಇಲ್ಲದಿದ್ದರೆ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಬರುತ್ತದೆಯೇ ವಿಚಾರಿಸಿ, ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷದೊಳಗಿರಬೇಕು. ಹಳೆಯ ವರ್ಷದ ಕಾಗದ ನಡೆಯುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲೇ ನಾಡಕಚೇರಿಗೆ ಅರ್ಜಿ ಕೊಡಿ. ಪ್ರವೇಶದ ವಾರ ಸರ್ವರ್ ಡೌನ್ ಎಂದು ಹೇಳಿಸಿಕೊಂಡು ಬರುವವರನ್ನು ಪ್ರತಿ ವರ್ಷ ಕಾಣುತ್ತೇವೆ.

ಜೆಎನ್‌ಯು ಒಂದೇ ಅಲ್ಲ. ಕೋಲ್ಕತ್ತದ ಜಾದವ್‌ಪುರದಲ್ಲಿ 1956ರಿಂದ ಪ್ರತ್ಯೇಕ ವಿಭಾಗವೇ ಇದೆ. ದಿಲ್ಲಿಯಲ್ಲಿ ಸಾರ್ಕ್ ದೇಶಗಳು ಕೂಡಿ ಕಟ್ಟಿದ ಸೌತ್ ಏಷ್ಯನ್ ಯೂನಿವರ್ಸಿಟಿಯಲ್ಲಿ ನೇಪಾಳ, ಬಾಂಗ್ಲಾದೇಶದವರ ಪಕ್ಕ ಕೂತು ಓದಬಹುದು, ಪ್ರಾದೇಶಿಕ ರಾಜಕೀಯಕ್ಕೆ ಅದಕ್ಕಿಂತ ಒಳ್ಳೆಯ ತರಗತಿ ಸಿಗದು. ಪುದುಚೇರಿ, ಕೊಟ್ಟಾಯಂ, ಮಣಿಪಾಲಗಳಲ್ಲೂ ಇದೆ. ಮಣಿಪಾಲದ ಶುಲ್ಕ ನೋಡಿಕೊಂಡು ಮುಂದೆ ಹೆಜ್ಜೆ ಇಡಿ.

ಪ್ರಶ್ನೆ: ಪಿಎಚ್‌.ಡಿ.ಗೆ ‘ಭಾರತ–ಚೀನಾ ಸಂಬಂಧಗಳು: ಒಂದು ಅಧ್ಯಯನ’ ಎಂಬ ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವ) ಕೊಟ್ಟಿದ್ದೆ. ಸಂದರ್ಶನದಲ್ಲಿ ತಳ್ಳಿಹಾಕಿದರು. ನಮ್ಮದು ಭತ್ತದ ನಾಡು. ಅದಕ್ಕೂ ಈ ಶಾಸ್ತ್ರಕ್ಕೂ ಏನು ಸಂಬಂಧ ಎಂದು ಕೇಳಿದವರೂ ಇದ್ದಾರೆ. ವಿಷಯ ಆರಿಸುವುದು ಹೇಗೆ? (ಎಂ.ಎ., ಸಿಂಧನೂರು)

‘ಒಂದು ಅಧ್ಯಯನ’ ಎಂದು ಮುಗಿಯುವ ಶೀರ್ಷಿಕೆಯಲ್ಲಿ ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ಲದ ಕಡೆ ಉತ್ತರವೂ ಹುಟ್ಟುವುದಿಲ್ಲ, 300 ಪುಟದ ಟಿಪ್ಪಣಿ ಹುಟ್ಟುತ್ತದೆ. ಸಂದರ್ಶನ ಮಂಡಳಿಯವರು ತಳ್ಳಿಹಾಕಿದ್ದು ಅದಕ್ಕೇ ಇರಬೇಕು. ಪ್ರಶ್ನೆ ಹೇಗಿರಬೇಕೆಂದರೆ ಅದರ ಉತ್ತರ ‘ಹೌದು’ ಎಂದೂ ಬರಬಹುದು, ‘ಅಲ್ಲ’ ಎಂದೂ ಬರಬಹುದು, ಮತ್ತು ಯಾವುದು ಎಂದು ಹೇಳುವ ಕಾಗದಪತ್ರ ನಿಮ್ಮ ಕೈಗೆ ಸಿಗಬೇಕು.

ಭತ್ತಕ್ಕೂ ಈ ಶಾಸ್ತ್ರಕ್ಕೂ ಏನು ಸಂಬಂಧ ಎಂದವರಿಗೆ ಜಿನೀವಾದ ಒಂದು ಕಡತ ತೋರಿಸಿ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಂತೆ ಭಾರತ ಒಂದು ಬೆಳೆಗೆ ಕೊಡುವ ಬೆಲೆ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ 10 ದಾಟಬಾರದು. 2018–19ರ ಸಾಲಿಗೆ ಭಾರತವೇ ಕೊಟ್ಟ ಲೆಕ್ಕದಲ್ಲಿ ಅಕ್ಕಿಯ ಮೌಲ್ಯ 43.67 ಬಿಲಿಯನ್ ಡಾಲರ್, ಸಬ್ಸಿಡಿ 5 ಬಿಲಿಯನ್. ಭಾಗಿಸಿ ನೋಡಿದರೆ ಶೇ 11ಕ್ಕೂ ಮೇಲೆ. ಮಿತಿ ದಾಟಿತು. ಆದರೂ ಶಿಕ್ಷೆ ಇಲ್ಲ, ಏಕೆಂದರೆ 2013ರ ಬಾಲಿ ಸಭೆಯಲ್ಲಿ ಮಿತಿ ದಾಟಿದರೂ ಯಾರೂ ದೂರು ಒಯ್ಯದಂತೆ ತಡೆಯುವ ‘ಶಾಂತಿ ಷರತ್ತು’ ಒಪ್ಪಿಸಿಕೊಂಡಿದ್ದೆವು. ಅದನ್ನು ಮೊದಲ ಸಲ ಬಳಸಿದ ದೇಶ ನಮ್ಮದೇ, ಬಳಸಿದ್ದು ಅಕ್ಕಿಗೆ.

ಈ ಲೆಕ್ಕದೊಳಗೇ ರಾಜಕೀಯ ಇರುವುದು. ಬೆಂಬಲವೆಂದರೆ ಇಂದಿನ ಸರ್ಕಾರಿ ಬೆಲೆಯಲ್ಲಿ 1986–88ರ ಆಧಾರ ಬೆಲೆ ಕಳೆದು, ಅರ್ಹ ಪ್ರಮಾಣದಿಂದ ಗುಣಿಸಿದ್ದು. ಮೂವತ್ತು ವರ್ಷದ ಹಣದುಬ್ಬರವೆಲ್ಲ ಸಬ್ಸಿಡಿ ಎಂದೇ ಎಣಿಕೆಯಾಗುತ್ತದೆ. ‘ಅರ್ಹ ಪ್ರಮಾಣ’ ಎಂದರೆ ಸರ್ಕಾರ ನಿಜವಾಗಿ ಖರೀದಿಸಿದ್ದಷ್ಟೇ ಎಂದು ನಾವು ಹೇಳುತ್ತೇವೆ, ದೇಶದಲ್ಲಿ ಬೆಳೆದದ್ದೆಲ್ಲ ಎಂದು ಅಮೆರಿಕ ಹೇಳುತ್ತದೆ. ಲೆಕ್ಕವನ್ನು ಡಾಲರಿನಲ್ಲಿ ಹಾಕಬೇಕೇ ರೂಪಾಯಿಯಲ್ಲೇ ಎಂಬ ಜಗಳ ಬೇರೆ. 2018ರಲ್ಲಿ ಅಮೆರಿಕ ತನ್ನ ಲೆಕ್ಕ ಮುಂದಿಟ್ಟು ಭಾರತದ ಅಕ್ಕಿ ಬೆಂಬಲ ಶೇ 70ಕ್ಕೂ ಹೆಚ್ಚು ಎಂದಿತು. ಒಂದೇ ಗದ್ದೆ, ಒಂದೇ ಭತ್ತ, ಎರಡು ಉತ್ತರ. ಕೂಡುವ ಕಳೆಯುವ ಸೂತ್ರವನ್ನು ಯಾರು, ಯಾವಾಗ, ಯಾರ ಅನುಕೂಲಕ್ಕೆ ಬರೆದರು ಎಂದು ಕೇಳಿದರೆ ಅದು ಜಾಗತಿಕ ಆಡಳಿತದ ಪ್ರಶ್ನೆ.

ಇದೂ ದೊಡ್ಡದಾಯಿತು ಎನಿಸಿದರೆ ಇನ್ನೂ ಕಿರಿದು ಮಾಡಿ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. 2024ರ ಸೆಪ್ಟೆಂಬರ್ 28ರಂದು ನಿಷೇಧ ತೆಗೆದರು. ಆ 14 ತಿಂಗಳಲ್ಲಿ ಸರ್ಕಾರ ಕೆಲವು ದೇಶಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು: ಭೂತಾನ್‌ಗೆ 79,000 ಟನ್, ಸಿಂಗಪುರಕ್ಕೆ 50,000, ಮಾರಿಷಸ್‌ಗೆ 14,000, ಫಿಲಿಪ್ಪೀನ್ಸ್‌ಗೆ 2,95,000, ಪುಟ್ಟ ಸೇಶೆಲ್ಸ್‌ಗೆ 800. ಯಾರಿಗೆ ಸಿಕ್ಕಿತು, ಯಾರಿಗೆ ಇಲ್ಲ, ಏಕೆ? ಹಸಿದವರಿಗೆ ಕೊಟ್ಟರೇ, ನೆರೆಯವರಿಗೆ ಕೊಟ್ಟರೇ, ಹಿಂದೂ ಮಹಾಸಾಗರದಲ್ಲಿ ಬೇಕಾದವರಿಗೆ ಕೊಟ್ಟರೇ? ಮೂರೂ ಊಹೆಗಳನ್ನು ಪರೀಕ್ಷಿಸಬಹುದು. ಸಿನಾಪ್ಸಿಸ್‌ಗೆ ಇಷ್ಟು ಸಾಕು.

ಮಾಡುವ ಕ್ರಮ ಹೀಗೆ. ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯದ ಆ ಅವಧಿಯ ಅಕ್ಕಿಯ ಅಧಿಸೂಚನೆಗಳನ್ನೆಲ್ಲ ಇಳಿಸಿಕೊಳ್ಳಿ. ಎಕ್ಸೆಲ್‌ನಲ್ಲಿ ದಿನಾಂಕ, ದೇಶ, ಟನ್, ಹಿಂದಿನ ಮೂರು ವರ್ಷ ಆ ದೇಶ ನಮ್ಮಿಂದ ತರಿಸಿದ ಪ್ರಮಾಣ ಎಂದು ನಾಲ್ಕು ಕಾಲಂ ಹಾಕಿ. ಕೇಳಿದರೂ ವಿನಾಯಿತಿ ಸಿಗದ ದೇಶಗಳನ್ನು ಮರೆಯಬೇಡಿ. ಸಿಕ್ಕವರನ್ನಷ್ಟೇ ನೋಡಿ ಕಾರಣ ಹೇಳುವುದು ಈ ಬಗೆಯ ಪ್ರಬಂಧಗಳ ದೊಡ್ಡ ದೋಷ. ಅನುಮತಿ ಕೊಟ್ಟದ್ದೆಲ್ಲ ಹಡಗು ಹತ್ತಿರುವುದಿಲ್ಲ, ಆದ್ದರಿಂದ ರಫ್ತು ಅಂಕಿಅಂಶದ 1006 30 90 ಎಂಬ ಸರಕು ಸಂಖ್ಯೆಯಲ್ಲಿ ನಿಜವಾಗಿ ಹೋದದ್ದೆಷ್ಟು ಎಂದು ತಾಳೆ ನೋಡಿ. ಅಲ್ಲೂ ಎಚ್ಚರ ಬೇಕು. ನಮ್ಮ ಅಂಕಿ ಏಪ್ರಿಲ್‌ನಿಂದ ಮಾರ್ಚ್, ವಿಶ್ವಸಂಸ್ಥೆಯ ವಾರ್ಷಿಕ ಅಂಕಿ ಜನವರಿಯಿಂದ ಡಿಸೆಂಬರ್. ಎರಡನ್ನೂ ಒಂದೇ ಕಾಲಂನಲ್ಲಿ ತುಂಬಿದರೆ ಮೂರು ತಿಂಗಳ ಅಕ್ಕಿ ಎರಡು ಸಲ ಎಣಿಕೆಯಾಗುತ್ತದೆ.

ಕಾರಟಗಿ, ಗಂಗಾವತಿಯ ಮಿಲ್ಲುಗಳಿಗೆ ಹೋಗಿ ಮಾಲೀಕರನ್ನು ಮಾತಾಡಿಸಿದರೆ ಅಳತೆಗಳನ್ನು ಜೋಪಾನವಾಗಿ ಬರೆದುಕೊಳ್ಳಿ. ನಮ್ಮಲ್ಲಿ ಧಾರಣೆ 75 ಕೆ.ಜಿ. ಭತ್ತದ ಚೀಲಕ್ಕೆ, ಬೆಂಬಲ ಬೆಲೆ ಕ್ವಿಂಟಲ್ ಭತ್ತಕ್ಕೆ, ರಫ್ತು ಬೆಲೆ ಟನ್ ಅಕ್ಕಿಗೆ. ಸರ್ಕಾರಿ ಲೆಕ್ಕದ ಶೇ 67ರಂತೆ ಒಂದು ಚೀಲ ಭತ್ತದಿಂದ ಬರುವುದು ಸುಮಾರು 50 ಕೆ.ಜಿ. ಅಕ್ಕಿ. ಭತ್ತದ ಬೆಲೆಯನ್ನು ನೇರ ಅಕ್ಕಿಯ ಬೆಲೆಯ ಪಕ್ಕ ಇಟ್ಟು ‘ಇಷ್ಟು ಲಾಭ’ ಎಂದು ಬರೆದ ಅಧ್ಯಾಯಗಳು ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಗೆ ಉರುಳಿಬೀಳುತ್ತವೆ.

ಬಳ್ಳಾರಿಯವರಿಗೆ ಇದೇ ರೀತಿ ಅದಿರು ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ರಫ್ತಿಗೆ ಮತ್ತೆ ಅನುಮತಿ ಬಂದದ್ದು 2022ರ ಮೇ ತಿಂಗಳಲ್ಲಿ. ನಡುವೆ ಚೀನಾದ ಖರೀದಿದಾರರು ಏನು ಮಾಡಿದರು ಎಂಬುದು ‘ಭಾರತ–ಚೀನಾ: ಒಂದು ಅಧ್ಯಯನ’ಕ್ಕಿಂತ ಚೆನ್ನಾದ ಪ್ರಶ್ನೆ.

ಪ್ರಶ್ನೆ: ಮೂಲ ದಾಖಲೆ ಓದಬೇಕು ಎನ್ನುತ್ತಾರೆ. ಸಂಡೂರಿನಲ್ಲಿ ಕೂತು ಅವು ಸಿಗುತ್ತವೆಯೇ? (ಸಂಶೋಧನಾ ವಿದ್ಯಾರ್ಥಿ, ಸಂಡೂರು)

ಮುಕ್ಕಾಲು ಪಾಲು ಸಿಗುತ್ತವೆ. ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯ ಬಿಟ್ಟಿ. ಅಲ್ಲಿ ಹೆಸರಿನಿಂದ ಹುಡುಕಬೇಡಿ, ದಾಖಲೆ ಸಂಖ್ಯೆಯಿಂದ ಹುಡುಕಿ. ‘ಎ/ಆರ್‌ಇಎಸ್/ಇಎಸ್–11/1’ ಎಂದಿದ್ದರೆ ‘ಎ’ ಸಾಮಾನ್ಯ ಸಭೆ, ‘ಆರ್‌ಇಎಸ್’ ನಿರ್ಣಯ, ‘ಇಎಸ್–11’ ಹನ್ನೊಂದನೇ ತುರ್ತು ಅಧಿವೇಶನ, ಕೊನೆಯ ಅಂಕಿ ಅದರ ಮೊದಲ ನಿರ್ಣಯ. ಇದು 2022ರ ಮಾರ್ಚ್ 2ರ ಉಕ್ರೇನ್ ನಿರ್ಣಯ: ಪರ 141, ವಿರೋಧ 5, ತಟಸ್ಥ 35, ಭಾರತ ತಟಸ್ಥ. ಮತ ಹಾಕಿದ್ದನ್ನಷ್ಟೇ ಬರೆದು ನಿಲ್ಲಬೇಡಿ. ‘ಪಿವಿ’ ಎಂಬ ಗುರುತಿನ ಸಭಾ ನಡಾವಳಿಯಲ್ಲಿ ಪ್ರತಿನಿಧಿ ಕೊಟ್ಟ ವಿವರಣೆ ಅಕ್ಷರಶಃ ಇರುತ್ತದೆ. ಯಾವ ಪದ ಬಳಸಿದರು, ಯಾವುದನ್ನು ಬಿಟ್ಟರು ಎಂದು ಅಲ್ಲೇ ಕಾಣುವುದು. ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ ಹೀಗೇ: ‘ಜಿ/ಎಜಿ/ಎನ್/ಐಎನ್‌ಡಿ’ ಎಂದರೆ ಸರಕು, ಕೃಷಿ, ಅಧಿಸೂಚನೆ, ಭಾರತ.

ನಮ್ಮ ವಿದೇಶಾಂಗ ಸಚಿವಾಲಯದ ಹಳೆಯ ಕಡತಗಳು ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಪೋರ್ಟಲ್‌ನಲ್ಲಿ ಸ್ಕ್ಯಾನ್ ಆಗಿವೆ. ಎಲ್ಲವೂ ಅಲ್ಲ, ಉಳಿದದ್ದಕ್ಕೆ ಜನಪಥದ ಕಟ್ಟಡಕ್ಕೇ ಹೋಗಬೇಕು. 25 ವರ್ಷ ದಾಟಿದ ಕಡತ ಪತ್ರಾಗಾರಕ್ಕೆ ಬರಬೇಕೆಂಬ ನಿಯಮವಿದ್ದರೂ ಬಾರದೆ ಉಳಿದವು ಬಹಳ. ಲೋಕಸಭೆಯ ಚುಕ್ಕೆ ರಹಿತ (ಲಿಖಿತ ಉತ್ತರವಷ್ಟೇ ಕೊಡುವ) ಪ್ರಶ್ನೆಗಳ ಉತ್ತರಗಳನ್ನು ನಮ್ಮ ವಿದ್ಯಾರ್ಥಿಗಳು ಅಲಕ್ಷಿಸುತ್ತಾರೆ. ಸರ್ಕಾರ ತನ್ನ ಬಾಯಿಂದ ಒಪ್ಪಿಕೊಂಡ ಅಂಕಿ ಅಲ್ಲಿರುತ್ತದೆ.

ಆರ್‌ಟಿಐ ₹10ಕ್ಕೆ ಆಗುವ ಕೆಲಸ, ಉತ್ತರಕ್ಕೆ 30 ದಿನ. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಯ್ದೆ ಕೊಡುವುದು ದಾಖಲೆಯನ್ನೇ ಹೊರತು ವಿವರಣೆಯನ್ನಲ್ಲ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಬಂದ ಮನವಿಗಳ ಪ್ರತಿ’ ಎಂದು ಕೇಳಿ. ಅಧಿಕಾರಿಗಳು ಕಾಯ್ದೆಯ 8(1)(ಎ) ಕಲಂ ತೋರಿಸಿ, ವಿದೇಶಗಳೊಂದಿಗಿನ ಸಂಬಂಧಕ್ಕೆ ಧಕ್ಕೆ ಎಂದು ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ವಾಣಿಜ್ಯ ಸಚಿವಾಲಯಕ್ಕೆ ಕೇಳಿದ್ದರೆ ಸಿಗುವ ಸಂಭವ ಹೆಚ್ಚು, ವಿದೇಶಾಂಗಕ್ಕೆ ಕೇಳಿದ್ದರೆ ಕಡಿಮೆ.

ಸಂಡೂರಿನವರಾದ್ದರಿಂದ ಇನ್ನೊಂದು ಮಾತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20ರ ಸಂಸ್ಕೃತಿ ಗುಂಪಿನ ಸಭೆ ನಡೆದಾಗ ನಿಮ್ಮೂರ ಲಂಬಾಣಿ ಕಸೂತಿಯ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಕಸೂತಿ ಹಾಕಿದ ಹೆಣ್ಣುಮಕ್ಕಳಿಗೆ ಸಭೆಯ ನಂತರ ಆರ್ಡರ್ ಬಂತೇ, ಬೆಲೆ ಏರಿತೇ? ಆ ಲೆಕ್ಕವನ್ನು ನಿಮ್ಮಷ್ಟು ಸುಲಭವಾಗಿ ದಿಲ್ಲಿಯವರು ತೆಗೆಯಲಾರರು.

ಪ್ರಶ್ನೆ: ನಮ್ಮ ತಾಲ್ಲೂಕಿನ ಆರ್‌ಎಚ್ ಕ್ಯಾಂಪ್‌ಗಳ (ನಿರಾಶ್ರಿತರ ಪುನರ್ವಸತಿ ಶಿಬಿರಗಳು) ಬಂಗಾಳಿ ಕುಟುಂಬಗಳ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ. ಅದು ಸಮಾಜಶಾಸ್ತ್ರ ಅಲ್ಲವೇ ಎಂದು ಮಾರ್ಗದರ್ಶಕರು ಅನುಮಾನಿಸುತ್ತಾರೆ. (ಸಿಂಧನೂರು ತಾಲ್ಲೂಕು)

ಎರಡೂ ಹೌದು. ಪೂರ್ವ ಪಾಕಿಸ್ತಾನದಿಂದ ಬಂದವರನ್ನು ಸಾವಿರಾರು ಕಿಲೊಮೀಟರ್ ದೂರದ ತುಂಗಭದ್ರಾ ಎಡದಂಡೆಗೆ ತಂದು ಕೂರಿಸಿದ ತೀರ್ಮಾನ ವಿದೇಶಾಂಗ ನೀತಿಯದ್ದೂ ಹೌದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, 1967ರ ಅದರ ಪ್ರೋಟೊಕಾಲ್‌ಗೂ ಇಲ್ಲ. ಒಪ್ಪಂದವಿಲ್ಲದ ದೇಶ ನಿರಾಶ್ರಿತರನ್ನು ಯಾವ ನಿಯಮದಲ್ಲಿ ನಡೆಸಿಕೊಳ್ಳುತ್ತದೆ ಎಂದು ಪ್ರಶ್ನೆ ಕಟ್ಟಿದರೆ ಮಾರ್ಗದರ್ಶಕರು ಒಪ್ಪಬೇಕು.

ಕ್ಷೇತ್ರಕಾರ್ಯದಲ್ಲಿ ಒಂದು ನಿಷ್ಠುರ ಸಲಹೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನಲ್ಲಿ ನಿಯಮ ಬಂದ ಮೇಲೆ ಕಾಗದಪತ್ರದ ಮಾತು ಅಲ್ಲಿ ಬಹಳ ಸೂಕ್ಷ್ಮ. ಯಾರ ದಾಖಲೆಯನ್ನೂ ಮೊಬೈಲಿನಲ್ಲಿ ಫೋಟೊ ಹೊಡೆಯಬೇಡಿ. ‘ಯಾವ ವರ್ಷ ಬಂದಿರಿ’ ಎಂಬುದು ನಿಮಗೆ ಸಾದಾ ಪ್ರಶ್ನೆ, ಅವರಿಗೆ ಅಲ್ಲ. ಹೆಸರಿನ ಬದಲು ಸಂಖ್ಯೆ ಕೊಡಿ, ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಸಂದರ್ಶನಗಳ ಜೊತೆ ಒಂದೇ ಪೆನ್‌ಡ್ರೈವ್‌ನಲ್ಲಿ ಇಡಬೇಡಿ. ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ, ಬಂಗಾಳಿಯಿಂದ ಅನುವಾದವೂ ಆಗಬೇಕಾದರೆ ಇನ್ನೂ ಹೆಚ್ಚು. 25–30 ಸಂದರ್ಶನಕ್ಕಿಂತ ಹೆಚ್ಚು ಹೊತ್ತುಕೊಂಡರೆ ಅರ್ಧ ಟೇಪುಗಳು ಹಾಗೇ ಉಳಿಯುತ್ತವೆ.

ಪ್ರಶ್ನೆ: ಮನೆಯಲ್ಲಿ ದಖನಿ ಮಾತಾಡುತ್ತೇವೆ, ಉರ್ದು ಬರೆಯಲು ಬರದು. ಫ್ರೆಂಚ್ ಕಲಿಯಲೇ, ಉರ್ದುವೇ? (ರಾಯಚೂರು)

ವಿಶ್ವಸಂಸ್ಥೆಯ ಕಚೇರಿಯೇ ಗುರಿ ಎಂದರೆ ಫ್ರೆಂಚ್. ದಕ್ಷಿಣ ಏಷ್ಯಾ, ಪಶ್ಚಿಮ ಏಷ್ಯಾದ ವಿದ್ವಾಂಸರಾಗಬೇಕೆಂದರೆ ಉರ್ದು ಲಿಪಿ, ಅದೂ ಈ ವರ್ಷವೇ. ಮಾತು ಬರುತ್ತದೆ, ವ್ಯಾಕರಣ ಬರುತ್ತದೆ. ಬೇರೆಯವರು ಎರಡು ವರ್ಷ ಕಲಿಯುವುದು ನಿಮಗೆ ಕೆಲವು ತಿಂಗಳ ಕೆಲಸ. ಮೊದಮೊದಲು ಒಂದು ಸಂಪಾದಕೀಯ ಓದಲು ಎರಡು ಗಂಟೆ ಹಿಡಿದೀತು, ಬಿಡಬೇಡಿ. ದಖನಿಯ ‘ನಕ್ಕೊ’, ‘ಹೌ’ಗಳನ್ನು ಲಾಹೋರಿನ ಪತ್ರಿಕೆಯಲ್ಲಿ ಹುಡುಕಬೇಡಿ, ಅಲ್ಲಿಯ ಶಬ್ದಸಂಪತ್ತು ಪರ್ಷಿಯನ್, ಅರೇಬಿಕ್ ಕಡೆಗೆ ವಾಲಿದ್ದು. ಅದೇ ಮುಂದೆ ಲಾಭ. ಲಿಪಿ ಕೈಹಿಡಿದರೆ ಪರ್ಷಿಯನ್ ಅಕ್ಷರಗಳೆಲ್ಲ ಆಗಲೇ ಗೊತ್ತಿರುತ್ತವೆ.

ಪ್ರಶ್ನೆ: ವಿಶ್ವಸಂಸ್ಥೆಯಲ್ಲಿ ನೌಕರಿ ಕೊಡಿಸುವುದಾಗಿ ಒಬ್ಬರು ‘ಪ್ರೊಸೆಸಿಂಗ್ ಫೀ’ ಕೇಳುತ್ತಿದ್ದಾರೆ. ಕೊಡಬಹುದೇ? (ಸಿರುಗುಪ್ಪ)

ಒಂದು ರೂಪಾಯಿಯನ್ನೂ ಕೊಡಬೇಡಿ. ವಿಶ್ವಸಂಸ್ಥೆ ಅರ್ಜಿ, ಸಂದರ್ಶನ, ತರಬೇತಿ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ. ನಿಜವಾದ ದಾರಿಗಳು ಮೂರು: 32 ವರ್ಷದೊಳಗಿನ ಪದವೀಧರರಿಗೆ ಯುವ ವೃತ್ತಿಪರರ ಪರೀಕ್ಷೆ (ಆ ವರ್ಷದ ದೇಶಗಳ ಪಟ್ಟಿಯಲ್ಲಿ ಭಾರತ ಇದ್ದರೆ ಮಾತ್ರ), ಸ್ನಾತಕೋತ್ತರ ಪದವಿ ಮತ್ತು ಅನುಭವ ಕೇಳುವ ನೇರ ಹುದ್ದೆ, ಮತ್ತು ಯುಎನ್ ಸ್ವಯಂಸೇವಕರ ಕಾರ್ಯಕ್ರಮ. ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ನ್ಯೂಯಾರ್ಕ್‌ನಲ್ಲಿ ಎರಡು ತಿಂಗಳು ಕೈಯಿಂದ ಖರ್ಚು ಮಾಡಿಕೊಂಡು ಇರುವುದು ನಮ್ಮಂಥ ಮನೆಗಳಿಗೆ ಕಷ್ಟ. ಮೊದಲು ಭಾರತದಲ್ಲೇ ಇರುವ ಯುಎನ್ ಕಚೇರಿಗಳಿಗೆ ಹಾಕಿ.

ಪ್ರಶ್ನೆ: ಐಎಫ್‌ಎಸ್‌ಗೆ (ವಿದೇಶಾಂಗ ಸೇವೆ) ಓದಲೇ, ಪಿಎಚ್‌.ಡಿ. ಮಾಡಲೇ? ಕನ್ನಡದಲ್ಲಿ ಬರೆಯಬಹುದೇ? (ಬಳ್ಳಾರಿ)

ವಯಸ್ಸು ನೋಡಿ ನಿರ್ಧರಿಸಿ. ಯುಪಿಎಸ್‌ಸಿಗೆ ಸಾಮಾನ್ಯ ವರ್ಗಕ್ಕೆ 32 ವರ್ಷ, ಆರು ಸಲ, ಒಬಿಸಿಗೆ 35, ಒಂಬತ್ತು ಸಲ, ಪರಿಶಿಷ್ಟರಿಗೆ 37. ಪಿಎಚ್‌.ಡಿ.ಗೆ ಅಂಥ ಗಡುವಿಲ್ಲ. ಎರಡನ್ನೂ ಒಟ್ಟಿಗೆ ಮಾಡುತ್ತೇನೆ ಎನ್ನುವವರು ಸಾಮಾನ್ಯವಾಗಿ ಎರಡನ್ನೂ ಅರ್ಧಕ್ಕೆ ಬಿಡುತ್ತಾರೆ. ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಆದರೆ 300 ಅಂಕದ ಇಂಗ್ಲಿಷ್ ಅರ್ಹತಾ ಪತ್ರಿಕೆಯಲ್ಲಿ ಶೇ 25 ಬರಲೇಬೇಕು. ಅದು ಹೋದರೆ ಉಳಿದ ಪತ್ರಿಕೆಗಳನ್ನು ತಿದ್ದುವುದೇ ಇಲ್ಲ. ಸ್ವಭಾವದ ಪ್ರಶ್ನೆಯೂ ಇದೆ. ರಾಜತಾಂತ್ರಿಕರು ಸರ್ಕಾರದ ನಿಲುವನ್ನು ಚೆನ್ನಾಗಿ ಹೇಳಬೇಕು, ವಿದ್ವಾಂಸರು ಆ ನಿಲುವು ಸರಿಯೇ ಎಂದು ಕೇಳಬೇಕು.

ಪ್ರಶ್ನೆ: ತಿಂಗಳೊಳಗೆ ಲೇಖನ ಪ್ರಕಟಿಸುತ್ತೇವೆ ಎಂದು ಒಂದು ‘ಅಂತರರಾಷ್ಟ್ರೀಯ’ ಜರ್ನಲ್ ಹಣ ಕೇಳಿದೆ. ಕನ್ನಡದಲ್ಲಿ ಪ್ರಬಂಧ ಬರೆದರೆ ಬೆಲೆ ಇದೆಯೇ? (ಅತಿಥಿ ಉಪನ್ಯಾಸಕಿ, ರಾಯಚೂರು)

ಹಣ ಕಟ್ಟಬೇಡಿ. ಪಿಎಚ್‌.ಡಿ. ಸಲ್ಲಿಸಲು ಲೇಖನ ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಕೇಳುತ್ತದೆಯೇ ಎಂದಷ್ಟೇ ನೋಡಿ. ಒಳ್ಳೆಯ ಜರ್ನಲ್‌ನಲ್ಲಿ ಇಬ್ಬರು ಪರಿಶೀಲಕರು ಓದಿ, ತಿದ್ದಿಸಿ ಅಚ್ಚಿಗೆ ಬರಲು ವರ್ಷವೇ ಹಿಡಿಯಬಹುದು. ಜೆಎನ್‌ಯುನ ‘ಇಂಟರ್‌ನ್ಯಾಷನಲ್ ಸ್ಟಡೀಸ್’, ಐಸಿಡಬ್ಲ್ಯೂಎ 1945ರಿಂದ ತರುತ್ತಿರುವ ‘ಇಂಡಿಯಾ ಕ್ವಾರ್ಟರ್ಲಿ’ ನಮ್ಮ ದೇಶದ ಹಳೆಯ, ನಂಬಬಹುದಾದ ಜರ್ನಲ್‌ಗಳು. ಕಳಿಸುವ ಮುನ್ನ ಅವುಗಳ ಈಚಿನ ನಾಲ್ಕು ಸಂಚಿಕೆ ಓದಿ. ಸಂಪಾದಕರ ಮೇಜಿನಿಂದಲೇ ಹಿಂದಿರುಗುವ ಲೇಖನಗಳಲ್ಲಿ ಹೆಚ್ಚಿನವು ಕೆಟ್ಟವಲ್ಲ, ಆ ಜರ್ನಲ್‌ಗೆ ಒಗ್ಗದವು.

ಪ್ರಬಂಧ ಬೇರೆಯವರ ಬರಹದೊಂದಿಗೆ ಹೊಂದುವ ಸಾಮ್ಯತೆ ಶೇ 10ರವರೆಗೆ ತೊಂದರೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಇಂಗ್ಲಿಷ್ ಪ್ಯಾರಾವನ್ನು ಗೂಗಲ್‌ನಲ್ಲಿ ಕನ್ನಡ ಮಾಡಿದರೆ ಯಂತ್ರ ಹಿಡಿಯುವುದಿಲ್ಲ ಎಂದು ಕೆಲವರು ನಂಬಿದ್ದಾರೆ. ಯಂತ್ರ ಹಿಡಿಯದಿದ್ದರೂ ಓದುವ ಪರೀಕ್ಷಕರು ಎರಡನೇ ಪುಟಕ್ಕೇ ಹಿಡಿಯುತ್ತಾರೆ.

ಕನ್ನಡದಲ್ಲಿ ಬರೆಯಲು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ, ರಾಜ್ಯದ ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ–ಸೆಟ್ ಕೂಡ ಕನ್ನಡದಲ್ಲಿ ಬರೆಯಬಹುದು. ಆದರೆ ಹೊರಗಿನ ಪರೀಕ್ಷಕರು ಸಿಗುವುದು ಕಷ್ಟ, ಜರ್ನಲ್ ದಾರಿ ಕಿರಿದು. ಪ್ರಬಂಧ ಇಂಗ್ಲಿಷ್‌ನಲ್ಲಿರಲಿ, ಅದರ ಒಂದೊಂದು ಅಧ್ಯಾಯದ ಸಾರವನ್ನು 800 ಪದಗಳಲ್ಲಿ ಕನ್ನಡ ಪತ್ರಿಕೆಗಳಿಗೆ ಬರೆಯಿರಿ. ಅಧ್ಯಯನ ಸಂಸ್ಥೆಗಳು ನೌಕರಿಗೆ ಕರೆದಾಗ ಬರವಣಿಗೆಯ ಮಾದರಿ ಕೇಳುತ್ತವೆ, ಆ ಕತ್ತರಿಸಿಟ್ಟ ಪುಟಗಳು ಅಲ್ಲೂ ಕೆಲಸಕ್ಕೆ ಬರುತ್ತವೆ.